ಅತಿಥಿಯ ಹಳ್ಳಿ, ಮನೆಯವರ ಊರು

ನಮ್ಮಲ್ಲಿ ಮನೆಗೆ ಬಂದವರು ನೆಂಟರು, ಮೆಹಮಾನರು. ಹಣ ಕೊಟ್ಟು ತಂಗುವವರಿಗೆ ಲಾಡ್ಜುಗಳಿದ್ದವು. ಹೋಂಸ್ಟೇ ಇವೆರಡನ್ನೂ ಒಂದೇ ಸೂರಿನಡಿ ತಂದಿದೆ. ಇದರಿಂದ ಮನೆಯವರಿಗೆ ಸಿಗುವುದೇನು, ಅವರು ಬಿಟ್ಟುಕೊಡುವುದೇನು? ತುಂಗಭದ್ರೆಯ ದಂಡೆಯ ಆನೆಗೊಂದಿಯಲ್ಲಿ ಒಂದು ರಾತ್ರಿ ಉಳಿದಾಗ ನಮ್ಮನ್ನು ಕಾಡಿದ ಪ್ರಶ್ನೆ ಇದು.

ಆನೆಗೊಂದಿ ವಿಜಯನಗರಕ್ಕಿಂತ ಹಳೆಯ ಊರು. ಹೊಳೆಯಾಚೆ ಹಂಪಿ. ಇಲ್ಲಿ ಹಳೆಯ ಮನೆಗಳನ್ನು ದುರಸ್ತಿ ಮಾಡಿ ಪ್ರವಾಸಿಗರಿಗೆ ಕೊಡುವ, ಹೆಂಗಸರಿಗೆ ಬಾಳೆನಾರಿನ ಕಸುಬು ಕಲಿಸುವ ಪ್ರಯತ್ನಗಳು ನಡೆದಿವೆ. ಇದರಿಂದ ಕೆಲವು ಮನೆಗಳ ಒಲೆ ಉರಿದಿದೆ ಎಂಬುದನ್ನು ಒಪ್ಪಲೇಬೇಕು.

ಅಂದು ರಾತ್ರಿ ಪಡಸಾಲೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಲೆ ಉಣ್ಣುತ್ತಾ ನಮ್ಮ ಜೊತೆಗಿದ್ದ ನಗರದ ಗೆಳೆಯರೊಬ್ಬರು, 'ಈ ಊರು ಯಾವಾಗಲೂ ಹೀಗೇ ಇರಬೇಕು' ಎಂದರು. ಬಡಿಸುತ್ತಿದ್ದ ಅವ್ವ ನಕ್ಕು ಹೇಳಿದರು: 'ಎರಡು ದಿನ ಇದ್ದು ಹೋಗೋರಿಗೆ ಚಂದ ಅನಸ್ತೈತ್ರಿ. ಮಳಿ ಬಂದ್ರ ಮಾಳಿಗಿ ಸೋರತೈತಿ. ಮ್ಯಾಲೊಂದು ಕೋಣಿ ಕಟ್ಟಬೇಕಂದ್ರ ಪರವಾನಿಗಿಗೆ ಅಲೀಬೇಕು.'

ಈ ಮಾತಿನ ಹಿಂದೆ ದೊಡ್ಡ ಚರಿತ್ರೆಯಿದೆ. ಹಂಪಿ 1986ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿತು. ಹೊಳೆಗೆ ಕಟ್ಟುತ್ತಿದ್ದ ಸೇತುವೆಗಳ ಕಾರಣಕ್ಕೆ 1999ರಲ್ಲಿ ಯುನೆಸ್ಕೋ ಅದನ್ನು ಅಪಾಯದಲ್ಲಿರುವ ತಾಣವೆಂದು ಗುರುತಿಸಿ, 2006ರಲ್ಲಿ ಆ ಪಟ್ಟಿಯಿಂದ ಕೈಬಿಟ್ಟಿತು. ಆನೆಗೊಂದಿಯ ಸೇತುವೆ ಪೂರ್ಣವಾಗುವ ಮೊದಲೇ 2009ರಲ್ಲಿ ಕುಸಿದು ಕಾರ್ಮಿಕರು ಜೀವ ಕಳೆದುಕೊಂಡರು. ಪ್ರವಾಸಿಗೆ ಹರಿಗೋಲು ಒಂದು ಸಂಜೆಯ ಸಂತೋಷ. ಹೊಳೆ ತುಂಬಿ ಹರಿಗೋಲು ನಿಂತ ದಿನ ಆಸ್ಪತ್ರೆಗೆ ಹೊರಟವರಿಗೆ ಅದೇ ಹೊಳೆ ಗೋಡೆ. 2011ರಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿ ನೆಲೆಸಿದ್ದ ಕುಟುಂಬಗಳನ್ನು ತೆರವು ಮಾಡಲಾಯಿತು. ಸುಪ್ರೀಂ ಕೋರ್ಟಿನ ತೀರ್ಪಿನ ಬಳಿಕ 2020ರಲ್ಲಿ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು ನೆಲಸಮವಾದವು. ಮಂಟಪದಲ್ಲಿ ಬದುಕು ಕಟ್ಟಿಕೊಂಡ ಬಡವರನ್ನೂ ಅಕ್ರಮ ರೆಸಾರ್ಟುಗಳ ಮಾಲೀಕರನ್ನೂ ನಾವು ಒಂದೇ ತಕ್ಕಡಿಯಲ್ಲಿ ತೂಗಲಾರೆವು. ಸ್ಮಾರಕಗಳು ಉಳಿಯಬೇಕು, ನಿಜ. ಆದರೆ ಅವುಗಳ ನಡುವೆ ಬದುಕುವವರನ್ನೂ ಸ್ಮಾರಕಗಳಂತೆ ಕಾಣುವುದು ನ್ಯಾಯವಲ್ಲ.

ಇನ್ನೊಂದು ಸಂಗತಿಯಿದೆ. 'ಸ್ಥಳೀಯ ಕುಟುಂಬದೊಂದಿಗೆ ವಾಸ' ಎನ್ನುವಾಗ ಆ ಕುಟುಂಬ ಯಾರದು? ಹೆಚ್ಚುವರಿ ಕೋಣೆ ಇದ್ದವರಷ್ಟೇ ಆತಿಥೇಯರಾಗಬಲ್ಲರು. ಒಂದೇ ಕೋಣೆಯ ಮನೆಯವರು ಹುಟ್ಟು ಹಾಕಲು, ರೊಟ್ಟಿ ಬಡಿಯಲು, ಪಾತ್ರೆ ತೊಳೆಯಲು ಬರುತ್ತಾರೆ. ಊರಿನ ಹಳೆಯ ಏಣಿಶ್ರೇಣಿ ಹೋಂಸ್ಟೇಯಲ್ಲೂ ಸದ್ದಿಲ್ಲದೆ ಮುಂದುವರಿಯುತ್ತದೆ.

ಉಂಡ ಅನ್ನಕ್ಕೆ ಹಣ ಪಡೆಯುವುದರಲ್ಲಿ ಅವಮಾನವೇನೂ ಇಲ್ಲ, ಅದು ದುಡಿಮೆ. ಆ ಹಣ ರೊಟ್ಟಿ ಬಡಿದ ಕೈಗೆ ಎಷ್ಟು ತಲುಪಿತೆಂದು ಅತಿಥಿ ಕೇಳಬೇಕು. ಸೋರುವ ಮಾಳಿಗೆ ರಿಪೇರಿಯಾದಾಗ, ಹಳ್ಳಿಯ ಸೊಗಸು ಹೋಯಿತೆಂದು ಅವನು ದುಃಖಿಸಬಾರದು. ಬೆಳಿಗ್ಗೆ ಹೊರಟಾಗ ಆ ಅವ್ವ, 'ಮುಂದಿನ ಸಲ ಮನಿ ಮಂದಿನೂ ಕರಕೊಂಡು ಬರ್ರಿ' ಎಂದರು. ನಾವು ಮತ್ತೆ ಹೋಗುವ ಹೊತ್ತಿಗೆ ಅವರ ಮಾಳಿಗೆಯ ಮೇಲೊಂದು ಕೋಣೆ ಎದ್ದಿರಲಿ.