ಅಂಗೈಯಗಲದ ರಂಗಸ್ಥಳ

ಅಮೆರಿಕದ ಮದುವೆಗಳಲ್ಲಿ ವಿವಾಹವಿಧಿ ಮುಗಿದು ಔತಣ ಆರಂಭವಾಗುವುದರ ನಡುವೆ ಸುಮಾರು ಒಂದು ಗಂಟೆಯ ತೆರಪಿರುತ್ತದೆ. ವಧೂವರರೂ ಅವರ ಹತ್ತಿರದ ಬಂಧುಗಳೂ ಫೋಟೊ ತೆಗೆಸಿಕೊಳ್ಳಲು ಹೋಗಿರುವ ಆ ಹೊತ್ತಿನಲ್ಲಿ ಅತಿಥಿಗಳಿಗೆ ಪಾನೀಯವನ್ನೂ ಒಂದೇ ತುತ್ತಿಗಾಗುವ ತಿನಿಸುಗಳನ್ನೂ ಕೊಟ್ಟು ಉಪಚರಿಸುವುದು ರೂಢಿಯಾದ್ದರಿಂದ ಅದಕ್ಕೆ ಕಾಕ್‌ಟೇಲ್ ಅವರ್ ಎಂಬ ಹೆಸರು ನಿಂತಿದೆ. ಬ್ರಿಟನ್ನಿನಲ್ಲಿ ಇದನ್ನೇ ಡ್ರಿಂಕ್ಸ್ ರಿಸೆಪ್ಷನ್ ಎನ್ನುತ್ತಾರೆ. ಗಂಡಿನ ಕಡೆಯವರಿಗೂ ಹೆಣ್ಣಿನ ಕಡೆಯವರಿಗೂ ಇನ್ನೂ ಪರಿಚಯವಾಗಿರುವುದಿಲ್ಲ, ಕೂರಲು ಕುರ್ಚಿಗಳು ಕಡಿಮೆ, ನೋಡಲು ವೇದಿಕೆಯಿಲ್ಲ, ಕರೆದವರೇ ಎದುರಿಗಿಲ್ಲ. ಈ ತೆರಪಿಗೆ ಹೇಳಿಮಾಡಿಸಿದಂತಿರುವ ಕಲೆಯೆಂದರೆ ಕ್ಲೋಸ್‌ಅಪ್ ಮ್ಯಾಜಿಕ್, ಅಂದರೆ ಪರದೆ, ಪೆಟ್ಟಿಗೆ, ಬಣ್ಣದ ದೀಪಗಳ ನೆರವಿಲ್ಲದೆ, ಇಸ್ಪೀಟೆಲೆ, ನಾಣ್ಯ, ಉಂಗುರ, ದಾರಗಳಂಥ ಸಣ್ಣ ವಸ್ತುಗಳನ್ನು ಹಿಡಿದು ನೋಡುವವರ ಮೂಗಿನ ಕೆಳಗೇ ಮಾಡುವ ಜಾದೂ. ಕಲಾವಿದ ನಿಂತವರ ಗುಂಪಿನಿಂದ ಗುಂಪಿಗೆ ಸುತ್ತುತ್ತ ಇದನ್ನು ತೋರಿಸಿದರೆ ವೃತ್ತಿಯವರು ಅದನ್ನು ವಾಕ್‌ಅರೌಂಡ್ ಎಂದೂ, ಊಟದ ಮೇಜಿನಿಂದ ಮೇಜಿಗೆ ಹೋಗಿ ತೋರಿಸಿದರೆ ಟೇಬಲ್ ಹಾಪಿಂಗ್ ಎಂದೂ ಕರೆಯುತ್ತಾರೆ.

ಕನ್ನಡದಲ್ಲಿ ಇಂಥ ಆಟಕ್ಕೆ ಕಣ್ಕಟ್ಟು ಎಂಬ ಹಳೆಯ ಮಾತಿದೆ, ಕೈಚಳಕ ಎಂಬ ಮಾತೂ ಇದೆ. ಮೊದಲನೆಯದು ನೋಡುವವರಿಗೆ ಆಗುವುದನ್ನು ಹೇಳಿದರೆ ಎರಡನೆಯದು ಮಾಡುವವರ ದುಡಿಮೆಯನ್ನು ಹೇಳುತ್ತದೆ. ಬಟ್ಟಲುಗಳ ಕೆಳಗೆ ಗುಂಡುಗಳು ಮಾಯವಾಗಿ ಮತ್ತೆ ಕಾಣಿಸಿಕೊಳ್ಳುವ ಆಟವನ್ನು ಭಾರತದ ಬೀದಿ ಜಾದೂಗಾರರು ನೆಲದ ಮೇಲೆ ಕುಳಿತು ತೋರಿಸುತ್ತ ಬಂದಿದ್ದಾರೆ, ಕ್ರಿ.ಶ. 1ನೇ ಶತಮಾನದ ರೋಮನ್ ಚಿಂತಕ ಸೆನೆಕನೂ ಬಟ್ಟಲು ಮತ್ತು ಹರಳುಕಲ್ಲಿನ ಇಂಥದೇ ಆಟವನ್ನು ತನ್ನ ಪತ್ರವೊಂದರಲ್ಲಿ ಪ್ರಸ್ತಾಪಿಸುತ್ತಾನೆ. ಹೀಗೆ ನೋಡಿದರೆ ಹತ್ತಿರದ ಜಾದೂವೇ ಹಳೆಯದು. ದೊಡ್ಡ ರಂಗಮಂದಿರಗಳ ಜಾದೂ ಅದರ ಮುಂದೆ ಬಹಳ ಈಚಿನದು.

ಮನೆಯ ಔತಣಗಳಲ್ಲಿಯೂ ಹೋಟೆಲುಗಳಲ್ಲಿಯೂ ಹತ್ತಿರದ ಜಾದೂ ವೃತ್ತಿಯಾಗಿ ನೆಲೆಯೂರಿದ ಕಥೆಯಲ್ಲಿ ಮೂವರನ್ನು ನೆನೆಯಲೇಬೇಕು. ಮ್ಯಾಕ್ಸ್ ಮಾಲಿನಿ (1873–1942) ಎಂಬಾತ ಪುಟ್ಟ ಕೈಗಳ ಗಿಡ್ಡ ಮನುಷ್ಯ. ಸಿರಿವಂತರ ಊಟದ ಮೇಜಿನಲ್ಲಿ ಅವರ ಜೊತೆಗೇ ಕುಳಿತು, ಎರವಲು ಪಡೆದ ಟೋಪಿಯನ್ನೆತ್ತಿದಾಗ ಅದರ ಕೆಳಗೆ ದೊಡ್ಡ ಮಂಜುಗಡ್ಡೆಯೊಂದು ಕಾಣಿಸುವಂತೆ ಮಾಡುವುದರಲ್ಲಿ ಅವನು ಹೆಸರಾಗಿದ್ದ. ಶಿಕಾಗೊದ ಮ್ಯಾಟ್ ಶೂಲಿಯನ್ ತಮ್ಮ ಕುಟುಂಬದ ರೆಸ್ಟೋರೆಂಟಿನಲ್ಲಿ ಗಿರಾಕಿಗಳ ಮೇಜಿನ ಬಳಿಗೇ ಹೋಗಿ ಇಸ್ಪೀಟಿನ ಆಟ ತೋರಿಸುತ್ತಿದ್ದರು. ಎಲೆಗಳ ಕಟ್ಟನ್ನು ಗೋಡೆಗೆ ಎಸೆದಾಗ ಉಳಿದವೆಲ್ಲ ಉದುರಿ, ಗಿರಾಕಿ ಆರಿಸಿದ್ದ ಎಲೆಯೊಂದೇ ಮೊಳೆ ಹೊಡೆದಂತೆ ಅಂಟಿಕೊಂಡಿರುತ್ತಿತ್ತು. ಮೂರನೆಯವರು ಕೆನಡಾದ ಒಟ್ಟಾವದಲ್ಲಿ ಹುಟ್ಟಿದ ಡೈ ವರ್ನನ್ (1894–1992). ಯಾವ ಆಟವನ್ನಾದರೂ ಮೂರು ಸಲ ನೋಡಿದರೆ ಅದರ ಗುಟ್ಟನ್ನು ಹೇಳಬಲ್ಲೆನೆಂದು ಹೆಮ್ಮೆಪಡುತ್ತಿದ್ದ ಪ್ರಸಿದ್ಧ ಜಾದೂಗಾರ ಹೂಡಿನಿಗೆ 1922ರಲ್ಲಿ ಶಿಕಾಗೊದಲ್ಲಿ ವರ್ನನ್ ಒಂದೇ ಆಟವನ್ನು ಮತ್ತೆ ಮತ್ತೆ ತೋರಿಸಿದರು. ಹೂಡಿನಿ ತನ್ನ ಹೆಸರಿನ ಮೊದಲಕ್ಷರಗಳನ್ನು ಬರೆದುಕೊಟ್ಟಿದ್ದ ಎಲೆಯನ್ನು ಕಟ್ಟಿನ ನಡುವೆ ಸೇರಿಸಿದಷ್ಟು ಸಲವೂ ಅದು ಮೇಲಕ್ಕೇ ಬರುತ್ತಿತ್ತು, ಹೂಡಿನಿಗೆ ಅದರ ಗುಟ್ಟು ಹೊಳೆಯಲೇ ಇಲ್ಲ. ಇಲ್ಲಿ ಗಮನಿಸತಕ್ಕದ್ದು ಆ ಬರಹ: ನೋಡುವವನು ತನ್ನ ಕೈಯಾರೆ ಗುರುತು ಹಾಕಿದ ಕೂಡಲೇ ಎಲೆ ಕಲಾವಿದನದಾಗಿ ಉಳಿಯದೆ ನೋಡುವವನದಾಗುತ್ತದೆ, ಆಮೇಲೆ ಅದಕ್ಕೆ ಏನಾದರೂ ಅದು ಅವನಿಗೇ ಆದಂತೆ.

ಮದುವೆಗಾಗಿ ಕಲಾವಿದರನ್ನು ಗೊತ್ತುಮಾಡುವವರು ಸಾಮಾನ್ಯವಾಗಿ ಆಟಗಳನ್ನು ನೋಡಿ ಆರಿಸುತ್ತಾರೆ, ಆದರೆ ನೋಡಬೇಕಾದದ್ದು ಗುಂಪಿನೊಳಗೆ ಅವರು ಬರುವ ಬಗೆಯನ್ನು ಮತ್ತು ಅಲ್ಲಿಂದ ಹೊರಡುವ ಬಗೆಯನ್ನು. ಐದಾರು ಜನ ಲೋಟ ಹಿಡಿದು ವೃತ್ತವಾಗಿ ನಿಂತು ಮಾತಾಡುತ್ತಿರುವಲ್ಲಿಗೆ ಕರೆಯದೆ ಬರುವ ಅಪರಿಚಿತ ಮೊದಲ ಕೆಲವು ಕ್ಷಣಗಳಲ್ಲಿ ಅಡ್ಡಿಯಷ್ಟೇ. ಪಳಗಿದ ಕಲಾವಿದ ವೃತ್ತದ ಅಂಚಿನಲ್ಲಿ ಅರೆಕ್ಷಣ ತಡೆದು ನಿಲ್ಲುತ್ತಾನೆ. ಯಾರ ಬಾಯಲ್ಲಿ ತುತ್ತಿದೆ, ಯಾರು ಬಹುಕಾಲದ ಮೇಲೆ ಭೇಟಿಯಾಗಿ ಕೈ ಹಿಡಿದುಕೊಂಡಿದ್ದಾರೆ, ಯಾರ ಕಣ್ಣು ಆಗಲೇ ತನ್ನ ಕಡೆ ಹೊರಳಿದೆ ಎಂಬುದನ್ನು ಓದಿಕೊಳ್ಳುತ್ತಾನೆ. ನಗು ಇಳಿದ ಹೊತ್ತಿಗೆ ವಧುವಿನ ಅಥವಾ ವರನ ಹೆಸರು ಹೇಳಿ, ಅವರ ಪರವಾಗಿ ತಾನು ಬಂದಿರುವುದಾಗಿ ತಿಳಿಸಿ, ಆ ಹೊರಳಿದ ಕಣ್ಣಿನವರ ಕೈಗೇ ಒಂದು ನಾಣ್ಯವನ್ನಿಡುತ್ತಾನೆ. ಮಾತು ಗಾಢವಾಗಿರುವ ಗುಂಪನ್ನು ಬಿಟ್ಟು ಮುಂದೆ ಹೋಗುವುದೂ ಅವನ ವಿದ್ಯೆಯ ಭಾಗವೇ. ಹೊರಡುವುದು ಇದಕ್ಕಿಂತ ಕಷ್ಟ, ಏಕೆಂದರೆ ಚಪ್ಪಾಳೆಗಾಗಿ ಕಾಯುತ್ತ ನಿಂತ ಕಲಾವಿದನಿಂದ ಗುಂಪು ಮತ್ತೆ ಮುಜುಗರಕ್ಕೆ ಬೀಳುತ್ತದೆ. ಅತ್ಯಂತ ಗಟ್ಟಿಯಾದ ಆಟವನ್ನು ಕೊನೆಗಿಟ್ಟು, ಎಲ್ಲರೂ ಒಬ್ಬರನ್ನೊಬ್ಬರು ನೋಡಿ ಅದು ಹೇಗಾಯಿತೆಂದು ಕೇಳಿಕೊಳ್ಳುವ ಹೊತ್ತಿಗೆ ಸರಿದುಹೋದವನು, ಎರಡು ಕಡೆಯ ಬಂಧುಗಳ ನಡುವೆ ಇಲ್ಲದಿದ್ದ ಮಾತೊಂದನ್ನು ಬಿಟ್ಟುಹೋಗಿರುತ್ತಾನೆ. ಕಾಕ್‌ಟೇಲ್ ಅವರ್‌ಗೆ ಜಾದೂಗಾರ ಬೇಕಾಗುವುದು ಇದಕ್ಕಾಗಿಯೇ.

ಲೆಕ್ಕವನ್ನು ಮೊದಲೇ ಹಾಕಿಕೊಳ್ಳುವುದು ಒಳ್ಳೆಯದು. ಒಂದು ಗುಂಪಿಗೆ ಒಂದು ಸೆಟ್, ಅಂದರೆ ಎರಡು ಮೂರು ಆಟಗಳನ್ನು ಹೊಸೆದ ಸುಮಾರು 5–6 ನಿಮಿಷಗಳ ಕಂತು, ಎಂದಿಟ್ಟುಕೊಂಡು ನಡುವಿನ ಓಡಾಟವನ್ನೂ ಸೇರಿಸಿದರೆ ಒಂದು ಗಂಟೆಯಲ್ಲಿ ಒಬ್ಬ ಕಲಾವಿದ 8–9 ಗುಂಪುಗಳನ್ನಷ್ಟೇ, ಹೆಚ್ಚೆಂದರೆ 60 ಜನರನ್ನಷ್ಟೇ ತಲುಪಬಲ್ಲ. ಅತಿಥಿಗಳು 150 ಇದ್ದರೆ ಮೂವರನ್ನು ಕರೆಸಬೇಕು, ಇಲ್ಲವೇ ಊಟದ ವೇಳೆಗೂ ಒಬ್ಬನನ್ನೇ ಉಳಿಸಿಕೊಂಡು ಮೇಜುಗಳಿಗೆ ಕಳಿಸಬೇಕು.

ಆಟಗಳ ಆಯ್ಕೆಯನ್ನು ಕಲಾವಿದನಿಗೇ ಬಿಡಬಹುದಾದರೂ, ಆ ಗಂಟೆಯ ಕಟ್ಟುಪಾಡುಗಳು ಅವನಿಗೆ ತಿಳಿದಿವೆಯೇ ಎಂದು ಕೇಳಿ ನೋಡಬೇಕು. ಅತಿಥಿಯ ಒಂದು ಕೈಯಲ್ಲಿ ಲೋಟವಿರುವುದರಿಂದ ಎರಡು ಕೈಗಳು ಬೇಕಾಗುವ ಆಟ ನಡೆಯದು. ವೃತ್ತವಾಗಿ ನಿಂತವರಲ್ಲಿ ಕೆಲವರು ಪಕ್ಕದಿಂದಲೂ ಹಿಂದಿನಿಂದಲೂ ನೋಡುತ್ತಿರುವುದರಿಂದ ಎದುರಿನಿಂದ ಮಾತ್ರ ಚೆನ್ನಾಗಿ ಕಾಣುವ ಕೈಚಳಕ ಅಲ್ಲಿ ಬಯಲಾಗುತ್ತದೆ. ಹುಲ್ಲುಹಾಸಿನ ಮೇಲಿನ ಮದುವೆಯಲ್ಲಿ ಗಾಳಿ ಬೀಸಿದರೆ ಎಲೆಗಳು ನಿಲ್ಲುವುದಿಲ್ಲ. ಇವೆಲ್ಲಕ್ಕಿಂತ ಮುಖ್ಯವಾದದ್ದು ರೀಸೆಟ್: ಮುಗಿದ ಆಟವನ್ನು ಮುಂದಿನ ಗುಂಪಿಗೆ ಮತ್ತೆ ಸಿದ್ಧಗೊಳಿಸಲು ಬೇಕಾಗುವ ಕೆಲಸ. ನಡೆಯುತ್ತ ನಡೆಯುತ್ತಲೇ, ಜೇಬಿನೊಳಗೇ ಇದು ಮುಗಿಯಬೇಕು. ಮೂಲೆಗೆ ಹೋಗಿ ಚೀಲ ತೆರೆದು ಕೂರಬೇಕಾದ ಆಟ ಎಷ್ಟೇ ಸೊಗಸಾಗಿದ್ದರೂ ಈ ಗಂಟೆಗೆ ಸಲ್ಲದು.

ಆದರೆ ದಂಪತಿಗಾಗಿ ಮಾಡುವ ಒಂದು ಆಟ ಈ ಲೆಕ್ಕಾಚಾರಗಳಿಂದ ಹೊರಗೆ ನಿಲ್ಲುತ್ತದೆ. ಅಮೆರಿಕದ ಬಾರ್ ಜಾದೂವಿನ ಪ್ರಸಿದ್ಧ ಕಲಾವಿದ ಡಾಕ್ ಈಸನ್ ಅವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಈ ಆಟದ ಹೆಸರು ಆನಿವರ್ಸರಿ ವಾಲ್ಟ್ಜ್. ಗಂಡ ಒಂದು ಎಲೆಯ ಮುಖದ ಮೇಲೆ ತನ್ನ ಹೆಸರನ್ನು ಬರೆಯುತ್ತಾನೆ, ಹೆಂಡತಿ ಇನ್ನೊಂದರ ಮೇಲೆ. ಎರಡು ಎಲೆಗಳನ್ನೂ ಅವರಲ್ಲೊಬ್ಬರ ಅಂಗೈಗಳ ನಡುವೆ ಇಟ್ಟು, ಇನ್ನೊಬ್ಬರು ಅದರ ಮೇಲೆ ತಮ್ಮ ಕೈಯಿರಿಸುವಂತೆ ಮಾಡಲಾಗುತ್ತದೆ. ಕೈ ತೆರೆದಾಗ ಅಲ್ಲಿರುವುದು ಒಂದೇ ಎಲೆ, ಅದಕ್ಕೆ ಬೆನ್ನೆಂಬುದೇ ಇಲ್ಲ. ಒಂದು ಮಗ್ಗುಲಲ್ಲಿ ಗಂಡನ ಶಾಯಿ ಇನ್ನೂ ಹೊಳೆಯುತ್ತಿರುತ್ತದೆ, ತಿರುಗಿಸಿದರೆ ಹೆಂಡತಿಯದು. ಹೂಡಿನಿಯನ್ನು ಸೋಲಿಸಿದ ಬರಹವೇ ಇಲ್ಲಿ ಬೇರೊಂದು ಕೆಲಸ ಮಾಡುತ್ತದೆ. ದಂಪತಿ ಫೋಟೊ ಮುಗಿಸಿ ಬಂದು ಅತಿಥಿಗಳೊಡನೆ ಸೇರುವ ಕೊನೆಯ ಹತ್ತು ನಿಮಿಷಗಳನ್ನು ಈ ಆಟಕ್ಕೆಂದು ಮೊದಲೇ ತೆಗೆದಿಡುವಂತೆ ಕಲಾವಿದನಿಗೂ ಫೋಟೊಗ್ರಾಫರಿಗೂ ತಿಳಿಸಿಡಬೇಕು, ಇಲ್ಲದಿದ್ದರೆ ಅದು ಊಟದ ಗಂಟೆಯಲ್ಲಿ ಕಳೆದುಹೋಗುತ್ತದೆ.

ಕಲಾವಿದರ ಅಂದಗೊಳಿಸಿದ ವಿಡಿಯೊಗಳನ್ನು ನಂಬಿ ಒಪ್ಪಂದಕ್ಕೆ ಬರುವುದು ಸರಿಯಲ್ಲ. ಕತ್ತರಿಸದ, ನಿಜವಾದ ಅತಿಥಿಗಳ ನಡುವೆ ತೆಗೆದ ಒಂದು ಪೂರ್ಣ ಸೆಟ್ಟನ್ನು ಕೇಳಬೇಕು. ಬ್ರಿಟನ್ನಿನಲ್ಲಿ 1905ರಲ್ಲಿ ಸ್ಥಾಪಿತವಾದ ಮ್ಯಾಜಿಕ್ ಸರ್ಕಲ್ ಪರೀಕ್ಷಿಸಿಯೇ ಸದಸ್ಯರನ್ನು ಸೇರಿಸಿಕೊಳ್ಳುವುದರಿಂದ ಅದರ ಸದಸ್ಯತ್ವ ಕುಶಲತೆಗೊಂದು ಸಾಕ್ಷಿ, ಆದರೆ ಗುಂಪಿನೊಳಗೆ ಹೋಗುವ ಸೌಜನ್ಯಕ್ಕೆ ಅದೇ ಸಾಕಾಗದು. ಅತಿಥಿಯ ಕೈಗಡಿಯಾರವನ್ನು ಅವರಿಗೆ ತಿಳಿಯದಂತೆ ಬಿಚ್ಚಿ ತೋರಿಸುವ ಆಟ ಎಷ್ಟೇ ಚಮತ್ಕಾರದ್ದಾದರೂ, ಹಿರಿಯರಿಂದ ಬಂದ ಒಡವೆಗಳನ್ನು ತೊಟ್ಟು ಬಂದಿರುವ ಮದುವೆಯಲ್ಲಿ ಬೇಡವೆಂದು ಮೊದಲೇ ಹೇಳುವುದು ಲೇಸು.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲೂ ಬೆಳಗ್ಗೆ ಧಾರೆ, ಸಂಜೆ ಕಾಕ್‌ಟೇಲ್ ಅವರ್, ಆಮೇಲೆ ರಿಸೆಪ್ಷನ್ ಎಂಬ ಕ್ರಮವನ್ನು ಕಾಣಬಹುದು, ಅಲ್ಲಿ ಮೇಲೆ ಹೇಳಿದ್ದೆಲ್ಲ ಹಾಗೆಯೇ ಸಲ್ಲುತ್ತದೆ. ಕರ್ನಾಟಕದ ಆರತಕ್ಷತೆಯ ರೀತಿ ಬೇರೆ. ಇಲ್ಲಿ ಅತಿಥಿಗಳು ಕಾಯುವುದು ವೃತ್ತವಾಗಿ ಅಲ್ಲ, ವೇದಿಕೆಯ ಕಡೆಗೆ ಸಾಗುವ ಸಾಲಿನಲ್ಲಿ; ಸಾಲು ಆಗಾಗ ಒಂದೆರಡು ಹೆಜ್ಜೆ ಮುಂದಕ್ಕೆ ಸರಿಯುತ್ತಲೇ ಇರುವುದರಿಂದ ಆರು ನಿಮಿಷದ ಸೆಟ್ ಅಲ್ಲಿ ನಡುವೆಯೇ ತುಂಡಾಗುತ್ತದೆ. ಆ ಸಾಲಿಗೆ ಬೇಕಾದದ್ದು ಒಂದೂವರೆ ನಿಮಿಷದ, ಮಾತು ಕಡಿಮೆಯಿರುವ, ಸದ್ದಿನ ನಡುವೆಯೂ ಕಣ್ಣಿಗೇ ತಿಳಿಯುವ ಆಟ, ಮತ್ತು ಸಾಲಿನ ತುದಿಯಿಂದ ವೇದಿಕೆಯ ಕಡೆಗೆ ಅಲ್ಲ, ವೇದಿಕೆಯ ಕಡೆಯಿಂದ ತುದಿಗೆ ನಡೆಯುವ ಕಲಾವಿದ: ಜನ ಮುಂದಕ್ಕೆ ಬರುತ್ತಿದ್ದಂತೆ ಅವನು ಹಿಂದಕ್ಕೆ ಸಾಗಿದರೆ, ಉಡುಗೊರೆಯ ಕವರು ಹಿಡಿದು ನಿಂತ ಪ್ರತಿಯೊಬ್ಬರಿಗೂ ಎದುರಾಗುವುದು ಹೊಸ ಆಟವೇ.