ಹಬ್ಬದ ಮನೆಯಲ್ಲಿ ನಾಯಿ, ಬೆಕ್ಕು

ಹಬ್ಬದ ದಿನಗಳಲ್ಲಿ ಸಾಕಿದ ನಾಯಿ, ಬೆಕ್ಕುಗಳಿಗೆ ಅಪಾಯ ಎಂದೊಡನೆ ಪಟಾಕಿಯೊಂದೇ ನೆನಪಾಗುತ್ತದೆ. ಪಟಾಕಿಯ ಕಾಟ ಸುಳ್ಳಲ್ಲ, ಆದರೆ ಅದು ಎರಡು ಮೂರು ರಾತ್ರಿಗಳದ್ದು, ಎಲ್ಲರ ಕಿವಿಗೂ ಬೀಳುವಂಥದ್ದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಮನೆಗಳಲ್ಲಿ ಅದಕ್ಕಿಂತ ಹೆಚ್ಚಿನ ಗಂಡಾಂತರ ಸದ್ದಿಲ್ಲದೆ ಅಡುಗೆಮನೆಯಲ್ಲಿ, ಅಟ್ಟದಲ್ಲಿ, ಅಡಿಕೆ ಚೀಲದ ಮಗ್ಗುಲಲ್ಲಿ ಇರುತ್ತದೆ. ಎಷ್ಟೋ ಸಲ ಅದನ್ನು ಪ್ರಾಣಿಯ ಬಾಯಿಗೆ ಇಡುವುದು ಮನೆಯವರ ಅಕ್ಕರೆಯೇ.

ಹಬ್ಬ ಶುರುವಾಗುವುದು ಮನೆ ತೊಳೆಯುವುದರಿಂದ. ಮಹಾನವಮಿಗೋ ದೀಪಾವಳಿಗೋ ಗೋಡೆಗೆ ಸುಣ್ಣ ಬಳಿದು, ನೆಲಕ್ಕೆ ಫಿನಾಯಿಲ್ ಹಾಕಿ ಒರೆಸುತ್ತಾರೆ. ಬಕೆಟ್ಟಿನಲ್ಲಿ ನೆನೆಹಾಕಿದ ಸುಣ್ಣ ಬಾಯಿ, ಕಣ್ಣು, ಪಾದಗಳನ್ನು ಸುಡುತ್ತದೆ. ಫಿನಾಯಿಲ್ ವಿಷಯದಲ್ಲಿ ಬೆಕ್ಕು ನಾಯಿಗಿಂತ ಬಲು ಸೂಕ್ಷ್ಮ. ಫೀನಾಲ್ ಜಾತಿಯ ರಾಸಾಯನಿಕಗಳನ್ನು ನಿರುಪದ್ರವಿಯಾಗಿಸಿ ಹೊರಹಾಕುವ ಶಕ್ತಿ ಅದರ ಯಕೃತ್ತಿಗೆ ತೀರ ಕಡಿಮೆ. ಒದ್ದೆ ನೆಲದ ಮೇಲೆ ಓಡಾಡಿದ ಬೆಕ್ಕು ಕೂತು ಪಾದ ನೆಕ್ಕಿಕೊಂಡರೆ ವಿಷ ಹೊಟ್ಟೆ ಸೇರುತ್ತದೆ. ನೆಲ ಪೂರ್ತಿ ಒಣಗುವ ತನಕ ಅದನ್ನು ಬೇರೆ ಕೋಣೆಯಲ್ಲಿ ಬಿಡುವುದು ಕಷ್ಟದ ಕೆಲಸವಲ್ಲ. ಹಬ್ಬಕ್ಕೆಂದು ಟ್ರಂಕಿನಿಂದ ರೇಷ್ಮೆ ಸೀರೆ ತೆಗೆಯುವಾಗ ಉರುಳುವ ನುಸಿಗುಳಿಗೆಯನ್ನೂ ಎಣಿಸಿ ಎತ್ತಿಡಬೇಕು. ಅದರಲ್ಲಿರುವ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

ದೀಪಾವಳಿಯ ಹೊತ್ತಿಗೆ ಮುಂಗಾರಿನ ಶೇಂಗಾ, ಮೆಕ್ಕೆಜೋಳ, ಈರುಳ್ಳಿ ಮನೆ ಸೇರಿರುತ್ತವೆ. ಚೀಲಗಳ ಹಿಂದೆಯೇ ಇಲಿ, ಇಲಿಯ ಹಿಂದೆಯೇ ಪಾಷಾಣ. ಅಂಗಡಿಯಲ್ಲಿ ಸಿಗುವ ಪಾಷಾಣಗಳಲ್ಲಿ ಮುಖ್ಯವಾಗಿ ಎರಡು ಬಗೆ. ಕಪ್ಪು ಪುಡಿಯ ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲಕ್ಕೆ ಸೋಕಿದೊಡನೆ ಫಾಸ್ಫೀನ್ ಅನಿಲವಾಗಿ ಕೆಲವೇ ಗಂಟೆಗಳಲ್ಲಿ ಕೊಲ್ಲುತ್ತದೆ. ಇದಕ್ಕೆ ಪ್ರತಿವಿಷವಿಲ್ಲ. ಬ್ರೋಮಾಡಿಯೋಲೋನ್ ಬಿಲ್ಲೆಗಳು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ. ತಿಂದ ನಾಯಿ ಎರಡು ಮೂರು ದಿನ ಚೆನ್ನಾಗಿಯೇ ಇದ್ದು, ಆಮೇಲೆ ಮೂಗು, ವಸಡುಗಳಲ್ಲಿ ರಕ್ತ ಸುರಿಸತೊಡಗುತ್ತದೆ. ಇದಕ್ಕೆ ವಿಟಮಿನ್ ಕೆ1 ಎಂಬ ಒಳ್ಳೆಯ ಪ್ರತಿವಿಷವಿದೆ, ವಾರಗಟ್ಟಲೆ ಕೊಡಬೇಕು. ಯಾವ ಪಾಷಾಣ ಎಂಬುದರ ಮೇಲೆ ಚಿಕಿತ್ಸೆಯೇ ಬದಲಾಗುವುದರಿಂದ ಪೊಟ್ಟಣವನ್ನು ಎಸೆಯಬಾರದು. ಸತ್ತ ಇಲಿಯನ್ನು ಬೆಕ್ಕಿಗೆ ಬಿಡಲೂಬಾರದು. ಮಳೆಗೆ ನೆನೆದು ಬೂಷ್ಟು ಹಿಡಿದ ಶೇಂಗಾವನ್ನು ‘ನಾಯಿಗಾದರೂ ಆಗಲಿ’ ಎಂದು ಹಾಕುವ ರೂಢಿ ಇದೆ. ಬೂಷ್ಟಿನಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ನಾಯಿಯ ಯಕೃತ್ತನ್ನು ಹಾಳುಗೆಡವುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ. ಹಬ್ಬಕ್ಕೆ ದನದ ಮೈ ತೊಳೆಯುವಾಗ ಉಳಿದ ಉಣ್ಣಿ ಔಷಧವನ್ನು ಅಳತೆಯಿಲ್ಲದೆ ನಾಯಿಗೆ ಸವರುವುದೂ ತಪ್ಪು. ಆ ಜಾತಿಯ ಪರ್ಮೆಥ್ರಿನ್, ಸೈಪರ್‌ಮೆಥ್ರಿನ್‌ಗಳು ಬೆಕ್ಕಿಗೆ ತಗುಲಿದರೆ ಮೈ ನಡುಗಿ ಸೆಳವು ಬಂದು ಸಾಯುವುದುಂಟು.

ಅಡುಗೆಮನೆಯ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಇಲ್ಲಿನ ಹಬ್ಬದೂಟದ ಮೂರು ಮೂಲ ಪದಾರ್ಥಗಳು ನಾಯಿಗೆ ಒಗ್ಗದವು. ಮೊದಲನೆಯದು ಈರುಳ್ಳಿ. ರಾಜ್ಯದಲ್ಲಿ ಈರುಳ್ಳಿ ಹೆಚ್ಚಾಗಿ ಬೆಳೆಯುವ ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದು. ಇಲ್ಲಿನ ಸಾರು, ಪಲ್ಯ, ಬೋಂಡ ಯಾವುದೂ ಅದಿಲ್ಲದೆ ಆಗುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿಯ ಗಂಧಕದ ಸಂಯುಕ್ತಗಳು ನಾಯಿ, ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ನಾಯಿಗೆ ದೇಹತೂಕದ ಕಿಲೋ ಒಂದಕ್ಕೆ 15ರಿಂದ 30 ಗ್ರಾಂ ಈರುಳ್ಳಿ ಸಾಕು, ಬೆಕ್ಕಿಗೆ 5 ಗ್ರಾಂ. ಅಂದರೆ ನಾಲ್ಕು ಕಿಲೋ ತೂಗುವ ಬೆಕ್ಕಿಗೆ 20 ಗ್ರಾಂ, ಒಂದು ಸಣ್ಣ ಹೋಳು. ಬೇಯಿಸಿದರೂ ಕರಿದರೂ ಈ ಗುಣ ಹೋಗದು. ಬೆಳ್ಳುಳ್ಳಿಯಲ್ಲಿ ಇದು ಇನ್ನೂ ತೀಕ್ಷ್ಣ. ಹಬ್ಬದ ದಿನ ತಿಂದದ್ದು ಕಾಣಿಸಿಕೊಳ್ಳುವುದು ಮೂರು ನಾಲ್ಕು ದಿನ ಕಳೆದ ಮೇಲೆ. ವಸಡು ಬಿಳಿಚುತ್ತದೆ, ಮೂತ್ರ ಕಂದುಗೆಂಪಾಗುತ್ತದೆ, ನಾಯಿ ಮೂಲೆ ಹಿಡಿಯುತ್ತದೆ. ಅಷ್ಟರಲ್ಲಿ ಹಬ್ಬದ ಸಾರು ಯಾರ ನೆನಪಿನಲ್ಲೂ ಉಳಿದಿರುವುದಿಲ್ಲ.

ಎರಡನೆಯದು ಪಾಯಸದ, ಕೇಸರಿಬಾತಿನ ಒಣದ್ರಾಕ್ಷಿ. ದ್ರಾಕ್ಷಿ ತಿಂದ ನಾಯಿಗಳ ಮೂತ್ರಪಿಂಡ ಸೋಲುವುದನ್ನು ಅಮೆರಿಕದ ಪಶುವೈದ್ಯರು ಕಳೆದ ಶತಮಾನದ ಕೊನೆಯ ಹೊತ್ತಿಗೇ ಗಮನಿಸಿದ್ದರೂ ಕಾರಣ ಬಹುಕಾಲ ಒಗಟಾಗಿತ್ತು. 2021ರಲ್ಲಿ ಅಲ್ಲಿನ ವಿಷತಜ್ಞರು ಬೊಟ್ಟುಮಾಡಿದ್ದು ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವನ್ನು. ಈ ಆಮ್ಲ ಹೇರಳವಾಗಿರುವ ಇನ್ನೊಂದು ಹಣ್ಣು ಹುಣಸೆ, ನಮ್ಮ ಮೂರನೆಯ ಪದಾರ್ಥ. ಹುಣಸೆ ತಿಂದ ನಾಯಿಗಳಲ್ಲೂ ಅದೇ ಬಗೆಯ ಮೂತ್ರಪಿಂಡದ ತೊಂದರೆ ವರದಿಯಾಗಿದೆ. ಬಯಲುಸೀಮೆಯ ಹೊಲದ ಬದುಗಳಲ್ಲಿ, ರಸ್ತೆ ಬದಿಗಳಲ್ಲಿ ಹುಣಸೆಮರಕ್ಕೆ ಬರವಿಲ್ಲ, ಹೋಳಿಗೆ ಸಾರಿಗೆ ಹುಳಿ ಬರುವುದೂ ಅದರಿಂದಲೇ. ಬೇಳೆಕಟ್ಟಿನ ಆ ಸಾರಿನಲ್ಲಿ ಹುಣಸೆಯ ಜೊತೆಗೆ ಈರುಳ್ಳಿ, ಬೆಳ್ಳುಳ್ಳಿಯೂ ಸೇರಿರುತ್ತವೆ. ಉಳಿದ ಅನ್ನಕ್ಕೆ ಹೋಳಿಗೆ ಸಾರು ಕಲಸಿ ನಾಯಿಯ ತಟ್ಟೆಗೆ ಸುರಿಯುವುದು ಈ ಸೀಮೆಯ ಎಲ್ಲಕ್ಕಿಂತ ಸಹಜವಾದ ಪ್ರೀತಿ. ಎಲ್ಲ ನಾಯಿಗೂ ಒಂದು ತುತ್ತಿನಿಂದ ಕೇಡಾಗುವುದಿಲ್ಲ. ಆದರೆ ಯಾವ ನಾಯಿ ಎಷ್ಟು ತಾಳೀತು ಎಂದು ಮೊದಲೇ ಹೇಳುವ ಉಪಾಯವಿಲ್ಲ. ನಾಯಿಗೂ ಹಬ್ಬವಾಗಬೇಕೆಂದರೆ ಸಾರಿಗೆ ಒಗ್ಗರಣೆ, ಹುಳಿ ಬೀಳುವ ಮೊದಲೇ ಬೆಂದ ಬೇಳೆಯನ್ನು ಒಂದು ಸೌಟು ತೆಗೆದಿಟ್ಟು, ಅನ್ನ, ಮೊಸರಿನೊಡನೆ ಕಲಸಿ ಹಾಕಬಹುದು. ಅದನ್ನೂ ನಾಯಿ ಅಷ್ಟೇ ಆಸೆಯಿಂದ ತಿನ್ನುತ್ತದೆ.

ನೆಂಟರು ತರುವ ಚಾಕೊಲೇಟಿನ ಥಿಯೋಬ್ರೋಮಿನ್, ಸಕ್ಕರೆ ಕಾಯಿಲೆಯವರಿಗೆಂದು ತರುವ ಕೆಲವು ತಿನಿಸುಗಳಲ್ಲಿನ ಜೈಲಿಟಾಲ್ ಕೂಡ ನಾಯಿಗೆ ವಿಷವೇ. ಇವನ್ನು ಎತ್ತರದ ಕಪಾಟಿಗೆ ಸೇರಿಸಿದರೆ ಮುಗಿಯಿತು.

ಊಟವಾದ ಮೇಲೆ ತಾಂಬೂಲ. ಹೊಳಲ್ಕೆರೆ, ಹೊಸದುರ್ಗದ ತೋಟಗಳಲ್ಲಿ, ಭೀಮಸಮುದ್ರದ ಸುತ್ತ ಅಡಿಕೆ ಸುಲಿದು ಬೇಯಿಸುವ ಕಾಲವೂ ದೀಪಾವಳಿಯ ಆಸುಪಾಸಿನದೇ. ಎಳೆಯ ನಾಯಿಮರಿ ಕಂಡದ್ದನ್ನೆಲ್ಲ ಕಡಿಯುತ್ತದೆ. ಅಡಿಕೆಯಲ್ಲಿರುವ ಅರೆಕೋಲಿನ್ ನಾಯಿಗೆ ಜೊಲ್ಲು, ವಾಂತಿ, ಭೇದಿ ತರಿಸಿ ಹೃದಯದ ಬಡಿತವನ್ನೇ ಕುಂದಿಸಬಲ್ಲದು. ಒಂದು ಕಾಲಕ್ಕೆ ಇದೇ ಅರೆಕೋಲಿನ್ ನಾಯಿಯ ಲಾಡಿಹುಳು ಕೆಡಹುವ ಔಷಧವಾಗಿ ಲೋಕದ ಹಲವೆಡೆ ಬಳಕೆಯಲ್ಲಿತ್ತು. ಆಮೇಲೆ ಪಶುವೈದ್ಯರು ಅದನ್ನು ಬಿಟ್ಟು ಪ್ರಾಜಿಕ್ವಾಂಟೆಲ್‌ಗೆ ಬಂದರು. ಎಲೆ ತಟ್ಟೆಯಲ್ಲಿ ಹೊಗೆಸೊಪ್ಪೂ ಇದ್ದರೆ ನಿಕೋಟಿನ್ನಿನ ಅಪಾಯ ಬೇರೆ.

ದೇವರ ಕೋಣೆಯಲ್ಲಿ ಹೂವನ್ನು ನೋಡಿಕೊಳ್ಳಬೇಕು. ಚೆಂಡುಹೂವಿಗೆ ಅಷ್ಟಾಗಿ ಅಂಜಬೇಕಿಲ್ಲ. ಕಣಗಿಲೆಯ ಎಲೆ, ಹೂ, ಕಡ್ಡಿ ಎಲ್ಲವೂ ಹೃದಯಕ್ಕೆ ಮಾರಕ. ಗಣಪತಿಗೆ ಏರಿಸುವ ಎಕ್ಕ, ಶಿವರಾತ್ರಿಗೆ ತರುವ ಉಮ್ಮತ್ತಿಯೂ ವಿಷದ ಗಿಡಗಳೇ. ನಿರ್ಮಾಲ್ಯವನ್ನು ಹಿತ್ತಲಿನ ಮೂಲೆಗೆ ಸುರಿಯುವ ಬದಲು ಮುಚ್ಚಳವಿರುವ ಬುಟ್ಟಿಯಲ್ಲಿಟ್ಟು ಗುಂಡಿಗೆ ಹಾಕಬೇಕು, ಕರ್ಪೂರದ ಡಬ್ಬಿಯನ್ನು ಮುಚ್ಚಿಡಬೇಕು. ನೆಲದ ಮೇಲೆ ಸಾಲಾಗಿ ಹಚ್ಚಿಟ್ಟ ಹಣತೆ ಬೆಕ್ಕಿನ ಬಾಲಕ್ಕೆ ತಗುಲಿದರೆ ಸುಡುವುದು ಬಾಲವೊಂದೇ ಅಲ್ಲ, ಬೆದರಿ ಓಡುವ ಬೆಕ್ಕು ಎಣ್ಣೆಯನ್ನೂ ಉರಿಯನ್ನೂ ಪರದೆಯ ತನಕ ಒಯ್ಯುತ್ತದೆ. ಹಣತೆಗೆ ಕಟ್ಟೆ, ಗೂಡುಗಳೇ ಸರಿಯಾದ ಜಾಗ.

ಇನ್ನು ಪಟಾಕಿ. ಮನುಷ್ಯನ ಕಿವಿ ಸುಮಾರು 20,000 ಹರ್ಟ್ಸ್‌ವರೆಗೆ ಕೇಳಿದರೆ ನಾಯಿಯದು ಸುಮಾರು 45,000, ಬೆಕ್ಕಿನದು 64,000ದವರೆಗೆ ಕೇಳುತ್ತದೆ. ನಾಲ್ಕು ಮೀಟರ್ ದೂರದಲ್ಲಿ 125 ಡೆಸಿಬಲ್ ಮೀರುವ ಪಟಾಕಿಗೆ ಕಾನೂನಿನ ತಡೆಯಿದೆ. ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್ ಆದೇಶದಲ್ಲಿ ದೀಪಾವಳಿಯ ಪಟಾಕಿಗೆ ರಾತ್ರಿ 8ರಿಂದ 10ರವರೆಗಿನ ಅವಧಿ ಗೊತ್ತುಮಾಡಿತು. ಚಿತ್ರದುರ್ಗದ ಕೋಟೆಯ ಬುಡದ ಬೀದಿಗಳಲ್ಲಿ ಸದ್ದು ಬಂಡೆಗೆ ಬಡಿದು ಮರಳುವುದರಿಂದ ನಾಯಿಗೆ ಅದು ಎಲ್ಲಿಂದ ಬಂತೆಂದೇ ತಿಳಿಯದು. ಸಂಜೆ ಆರರೊಳಗೆ ಊಟ, ತಿರುಗಾಟ ಮುಗಿಸಿ, ಮನೆಯ ನಡುವಿನ ಕೋಣೆಯಲ್ಲಿ ಕಿಟಕಿ ಮುಚ್ಚಿ, ಫ್ಯಾನ್ ಅಥವಾ ಟಿವಿಯ ಸದ್ದಿನಲ್ಲಿ ಇರಿಸುವುದು ಒಳ್ಳೆಯದು. ಹೆದರಿದ ನಾಯಿಯನ್ನು ಸಂತೈಸಿದರೆ ಹೆದರಿಕೆ ಹೆಚ್ಚುತ್ತದೆ ಎಂಬ ಹಳೆಯ ಮಾತಿಗೆ ಆಧಾರವಿಲ್ಲ. ಪಕ್ಕದಲ್ಲಿ ಕೂತು ಮೈ ಸವರಬಹುದು, ಸವರಬೇಕು. ತೀರ ನಡುಗುವ ನಾಯಿಗೆ ಪಶುವೈದ್ಯರನ್ನು ವಾರ ಮೊದಲೇ ಕಂಡು ಮಾತ್ರೆ ಬರೆಸಿಕೊಳ್ಳಬೇಕು. ಮನೆಯವರ ನಿದ್ದೆಮಾತ್ರೆ ಅದಕ್ಕೆ ಸಲ್ಲದು. ಕೊರಳಪಟ್ಟಿಯ ಮೇಲೆ ಫೋನ್ ಸಂಖ್ಯೆ ಬರೆದಿದ್ದರೆ ಸರಪಳಿ ಕಿತ್ತು ಓಡಿದ ನಾಯಿ ಮನೆ ಸೇರುವ ಸಾಧ್ಯತೆ ಹೆಚ್ಚು. ಮರುದಿನ ಬೆಳಗ್ಗೆ ಅಂಗಳ ಗುಡಿಸಿದ ಮೇಲೆಯೇ ಅದನ್ನು ಬಿಡಬೇಕು, ಸಿಡಿಯದೆ ಉಳಿದ ಪಟಾಕಿಯ ಮದ್ದು ಹೊಟ್ಟೆಗೂ ಕೆಟ್ಟದ್ದು. ಬಾಲಕ್ಕೆ ಸರಪಟಾಕಿ ಕಟ್ಟುವುದು ಹುಡುಗಾಟವಲ್ಲ, ಪ್ರಾಣಿಹಿಂಸೆ ತಡೆ ಕಾಯ್ದೆ 1960ರ ಪ್ರಕಾರ ಅಪರಾಧ.

ಹಬ್ಬದ ಮರುದಿನದ ಬಾಡೂಟ, ಯುಗಾದಿಯ ವರ್ಷತೊಡಕು, ಊರ ಮಾರಮ್ಮನ ಜಾತ್ರೆ, ಇವುಗಳ ಅಪಾಯ ಬೇರೆಯ ಬಗೆಯದು. ಬೆಂದ ಮೂಳೆ ಚೂಪಾಗಿ ಸಿಗಿದು ಕರುಳನ್ನು ಚುಚ್ಚುತ್ತದೆ. ಕೋಳಿಯ ಮೂಳೆ ಇನ್ನೂ ಕೆಟ್ಟದ್ದು. ಅದಕ್ಕಿಂತ ಆಳವಾದದ್ದು ಹಸಿ ಮಾಂಸದ ಸಮಸ್ಯೆ. ಕುರಿ ಸಾಕಣೆಗೆ ಹೆಸರಾದ ಈ ಜಿಲ್ಲೆಯಲ್ಲಿ ಮರಿ ಕೊಯ್ದಾಗ ನೀರುಗುಳ್ಳೆ ಕಂಡ ಶ್ವಾಸಕೋಶ, ಯಕೃತ್ತನ್ನು ಮನೆಯವರು ತಿನ್ನದೆ ನಾಯಿಗೆ ಎಸೆಯುತ್ತಾರೆ. ಆ ಗುಳ್ಳೆಯೊಳಗೆ ಇರುವುದು ಎಕಿನೊಕಾಕಸ್ ಎಂಬ ಪುಟ್ಟ ಲಾಡಿಹುಳುವಿನ ಮರಿಗಳು. ಆರೇಳು ವಾರಗಳಲ್ಲಿ ಅವು ನಾಯಿಯ ಕರುಳಲ್ಲಿ ಬಲಿತು, ಮಲದೊಡನೆ ಮೊಟ್ಟೆಗಳು ಹೊರಬೀಳುತ್ತವೆ. ಮೇವಿನ ಜೊತೆ ಕುರಿಗೆ, ನಾಯಿಯನ್ನು ಮುದ್ದಾಡಿದ ಕೈಯಿಂದ ಮಕ್ಕಳಿಗೆ ಅದೇ ಗುಳ್ಳೆರೋಗ ದಾಟುತ್ತದೆ. ನಾಯಿ ಮಾತ್ರ ಹೊರಗೆ ಆರೋಗ್ಯವಾಗಿಯೇ ಕಾಣುತ್ತದೆ. ಕುರಿಗಳ ನಾಡಾದ ನ್ಯೂಜಿಲೆಂಡ್ ದಶಕಗಳ ಕಾಲ ನಾಯಿಗಳಿಗೆ ಔಷಧ ಕುಡಿಸಿ, ಹಸಿ ಅಂಗಾಂಗ ತಿನ್ನಿಸುವುದನ್ನು ತಡೆದು 2002ರಲ್ಲಿ ಈ ರೋಗದಿಂದ ಬಹುಮಟ್ಟಿಗೆ ಪಾರಾಯಿತು. ಗುಳ್ಳೆ ಕಂಡ ಅಂಗವನ್ನು ಆಳವಾದ ಗುಂಡಿಯಲ್ಲಿ ಹೂಳುವುದು, ಹಳ್ಳಿಯ ನಾಯಿಗೆ ಪಶುವೈದ್ಯರ ಸಲಹೆಯಂತೆ ಹುಳುಮಾತ್ರೆ ಕೊಡುವುದು ಇಲ್ಲಿಯೂ ಆಗಬೇಕಾದ ಕೆಲಸ.

ವಿಷ ತಿಂದ ಸಂಶಯ ಬಂದರೆ ಉಪ್ಪುನೀರು, ಹುಣಸೆ ರಸ, ಹಾಲು, ಎಣ್ಣೆ ಯಾವುದನ್ನೂ ಕುಡಿಸಕೂಡದು. ಉಪ್ಪೇ ಮಿದುಳಿಗೆ ವಿಷವಾಗಬಲ್ಲದು, ಬಲವಂತವಾಗಿ ಹೊಯ್ದದ್ದು ಶ್ವಾಸಕೋಶ ಸೇರಬಲ್ಲದು, ಜಿಂಕ್ ಫಾಸ್ಫೈಡ್ ತಿಂದಾಗ ಹೊಟ್ಟೆಗೆ ಏನು ಬಿದ್ದರೂ ಅನಿಲ ಹೆಚ್ಚಬಹುದು. ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಟ್ಟರೆ ಅದೇ ಸಾವಿಗೆ ಕಾರಣವಾಗುತ್ತದೆ. ಸುಟ್ಟ ಗಾಯಕ್ಕೆ ಅರಿಶಿನ, ಶಾಯಿ ಬೇಡ, ತಣ್ಣೀರು ಸುರಿದರೆ ಸಾಕು. ನೋವಿನಲ್ಲಿ ನಾಯಿ ಸಾಕಿದವರನ್ನೇ ಕಚ್ಚಿದರೆ ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ರೇಬಿಸ್ ಲಸಿಕೆಗೆ ಹೋಗಬೇಕು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ನಾಲ್ಕೂ ಊರುಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿದೆ, ಚಿತ್ರದುರ್ಗದಿಂದ ಸುಮಾರು ನೂರು ಕಿಲೋಮೀಟರ್ ದಾರಿ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962. ರಜೆಯ ದಿನ ಯಾವ ವೈದ್ಯರು ಸಿಗುತ್ತಾರೆಂದು ಹಬ್ಬದ ಹಿಂದಿನ ದಿನವೇ ವಿಚಾರಿಸಿ, ಅವರ ಫೋನ್ ಸಂಖ್ಯೆಯ ಕೆಳಗೆ ನಾಯಿ, ಬೆಕ್ಕಿನ ತೂಕವನ್ನೂ ಬರೆದು ಗೋಡೆಗೆ ಅಂಟಿಸಿಡಬೇಕು. ಹೊರಡುವಾಗ ತಿಂದ ಪದಾರ್ಥದ ಪೊಟ್ಟಣ, ವಾಂತಿಯ ಮಾದರಿ, ತಿಂದ ಹೊತ್ತು, ಈ ಮೂರೂ ಜೊತೆಗಿದ್ದರೆ ವೈದ್ಯರು ತಡಮಾಡದೆ ಚಿಕಿತ್ಸೆ ಶುರುಮಾಡಬಹುದು.