ವೆಬರ್ ಬರೆದ ಗುಡಿ

ಒಂಬತ್ತನೆಯ ತರಗತಿಗೆ ಸಮುದ್ರಯಾನಗಳ ಪಾಠ ಮಾಡುವಾಗ ಬರೀ ಭೂಪಟ ನೇತುಹಾಕಿದರೆ ನನಗೆ ಸಮಾಧಾನವಾಗದು. ಎಲ್ಲಿಂದಾದರೂ ಒಂದು ಚಿತ್ರ ಹುಡುಕಿ ತರುವ ಚಾಳಿ ನನ್ನದು. ಹಾಗೆ ಕೈಗೆ ಸಿಕ್ಕಿದ್ದು ಕ್ಯಾಪ್ಟನ್ ಕುಕ್‌ನ ಮೂರನೆಯ ಯಾನದ ಗ್ರಂಥದಲ್ಲಿ 1784ರಲ್ಲಿ ಅಚ್ಚಾದ ಚಿತ್ರ, 'ಅಟೂಯಿಯಲ್ಲಿನ ಒಂದು ಮೊರಾಯ್'. ತಮ್ಮನ ಮಗಳು ಅದರ ದೊಡ್ಡ ಪ್ರತಿ ತೆಗೆಸಿಕೊಟ್ಟಳು. ಗೋಡೆಗೆ ಅಂಟಿಸಿ, "ಇದು ಹವಾಯಿಯ ದೇವಸ್ಥಾನ" ಎಂದೆ. ಹಿಂದಿನ ಬೆಂಚಿನಿಂದ ಒಬ್ಬಳು, "ದೇವಸ್ಥಾನ ಎಲ್ಲಿದೆ ಮಿಸ್? ಗುಡಿಸಲು ಮಾತ್ರ ಕಾಣ್ತಿದೆ" ಎಂದಳು. ಮಕ್ಕಳು ನಕ್ಕರು. ನಾನು ನಗಲಿಲ್ಲ, ಏಕೆಂದರೆ ಮೊದಲ ಸಲ ನೋಡಿದಾಗ ನನಗೂ ಹಾಗೇ ಅನ್ನಿಸಿತ್ತು.

ಚಿತ್ರದ ಹೆಸರಿನಲ್ಲೇ ಎರಡು ಎಡವಟ್ಟುಗಳಿವೆ. ಅಟೂಯಿ ಎಂದರೆ ಕವಾಯಿ ದ್ವೀಪ. ಅದು ಇಂಗ್ಲಿಷರ ಕಿವಿಗೆ ಕೇಳಿಸಿದ ರೀತಿ. ಮೊರಾಯ್ ಎಂಬುದು ಹವಾಯಿಯ ಮಾತೇ ಅಲ್ಲ. ಕುಕ್ ತಹೀತಿಯನ್ನು ಮೊದಲೇ ಕಂಡಿದ್ದವನು, ಅಲ್ಲಿನ 'ಮರಾಯೆ' ಎಂಬ ಪದವನ್ನೇ ಇಲ್ಲಿಗೂ ಅಂಟಿಸಿದ. ಹವಾಯಿ ಜನ ತಮ್ಮ ಪೂಜಾಸ್ಥಳವನ್ನು ಹೆಯಾವ್ ಎನ್ನುತ್ತಾರೆ.

1778ರ ಜನವರಿ 20ರಂದು ಕುಕ್ ವೈಮೆಯಾದಲ್ಲಿ ದಡಕ್ಕಿಳಿದ. ನೀರಿನ ವ್ಯವಸ್ಥೆ ನೋಡಿಕೊಂಡು, ವೈದ್ಯ ಆಂಡರ್ಸನ್ ಮತ್ತು ಚಿತ್ರಕಾರ ಜಾನ್ ವೆಬರ್ ಜೊತೆ ಕಣಿವೆಯತ್ತ ತಿರುಗಾಡಲು ಹೋದ. ದೂರದಿಂದಲೇ ಕಂಡ ಗೋಪುರವೊಂದು ಅವರನ್ನು ಎಳೆಯಿತು. ಬುಡದಲ್ಲಿ ನಾಲ್ಕು ಅಡಿ ಚೌಕ, ಎತ್ತರ ಸುಮಾರು 20 ಅಡಿ. ಕಡ್ಡಿ ಕೊಂಬೆಗಳನ್ನು ಹೆಣೆದು ಮಾಡಿದ್ದು, ಒಳಗೆ ಪೂರಾ ಟೊಳ್ಳು. ಮರದ ತೊಗಟೆಯನ್ನು ಬಡಿದು ಮಾಡಿದ ಬಟ್ಟೆಯ ಚೂರುಗಳು ಅದರ ಮೇಲೆ. ಅದರ ಹೆಸರು ಅನುಉ. ಸುತ್ತ ಕಲ್ಲಿನ ಪೌಳಿ, ಕೆತ್ತಿದ ಹಲಗೆಗಳು, ಹುಲ್ಲು ಹೊದಿಸಿದ ಉದ್ದನೆಯ ಮನೆ. ಕಲ್ಲಿನ ಗರ್ಭಗುಡಿಗೆ ಒಗ್ಗಿದ ನಮ್ಮ ಕಣ್ಣಿಗೆ ಇದು ಗುಡಿಸಲಾಗಿ ಕಂಡರೆ ಅಚ್ಚರಿಯಿಲ್ಲ. ಆದರೆ ಹೆಯಾವ್‌ನಲ್ಲಿ ಉಳಿಯಬೇಕಾದ್ದು ನೆಲ ಮತ್ತು ಕಲ್ಲಿನ ಜಗಲಿ. ಮರ, ಹುಲ್ಲು, ಬಟ್ಟೆಗಳನ್ನು ದೊಡ್ಡ ಪ್ರತಿಷ್ಠೆಯ ಹೊತ್ತಿಗೆ ಹೊಸದು ಮಾಡುತ್ತಿದ್ದರು.

ವೆಬರ್ ಶಿಲ್ಪಿಯ ಮಗ. ಅದಕ್ಕೋ ಏನೋ, ಕೆತ್ತನೆಗಳನ್ನು ಗೇಲಿ ಮಾಡದೆ ಬರೆದಿದ್ದಾನೆ. ಆ ಕಾಲದ ಪಾಶ್ಚಾತ್ಯರಲ್ಲಿ ಅದು ದೊಡ್ಡ ಗುಣವೇ. ನನ್ನ ತಕರಾರಿರುವುದು ತಾಮ್ರದ ತಗಡಿನ ಬಗ್ಗೆ. ಲಂಡನ್ನಿನಲ್ಲಿ ಕೂತು ಗೆರೆ ಕೊರೆದವನ ಕೈಯಲ್ಲಿ ಹುಲ್ಲೂ ಕಲ್ಲೂ ಆಕಾಶವೂ ಒಂದೇ ಅಚ್ಚುಕಟ್ಟಿಗೆ ಬಂದುಬಿಟ್ಟಿವೆ. ಇಲ್ಲಿ ನರಬಲಿ ನಡೆಯುತ್ತಿತ್ತೆಂದು ಕುಕ್ ಬರೆದಿದ್ದಾನೆ. ಚಿತ್ರದಲ್ಲಿ ಆ ಭಯದ ಸುಳಿವಿಲ್ಲ, ಭಕ್ತಿಯದೂ ಇಲ್ಲ. ಒಂದು ಮಧ್ಯಾಹ್ನದ ತಿರುಗಾಟದವರಿಗೆ ದಕ್ಕಿದಷ್ಟು ಇದೆ.

ನನ್ನನ್ನು ಹೆಚ್ಚು ಕಾಡಿದ್ದು ಇದರ ಜೋಡಿ ಚಿತ್ರ. ಆ ಉದ್ದನೆಯ ಮನೆಯ ಒಳನೋಟವನ್ನೂ ವೆಬರ್ ಬರೆದಿದ್ದಾನೆ. ಬಾಗಿಲಿಗೆ ಎದುರಾಗಿ, ಪೀಠವೂ ಸೇರಿ ಮೂರಡಿ ಎತ್ತರದ ಎರಡು ಮರದ ಮೂರ್ತಿಗಳು. ಅವು ದೇವಿಯರೆಂದು ಕುಕ್‌ಗೆ ಹೇಳಿದರಂತೆ. ಒಬ್ಬಳ ತಲೆಯ ಮೇಲೆ ಶಿರಸ್ತ್ರಾಣ, ಇನ್ನೊಬ್ಬಳಿಗೆ ಉದ್ದನೆಯ ಟೊಪ್ಪಿಗೆ. ಬಲಿ ನಡೆಯುವ ಇಂಥ ದೊಡ್ಡ ಹೆಯಾವ್‌ನೊಳಗೆ ಊರಿನ ಹೆಂಗಸರು ಕಾಲಿಡುವಂತಿರಲಿಲ್ಲ. ಒಡೆಯರ ಮನೆತನದ ಸ್ತ್ರೀಯರಿಗೆ ಹಾಲೆ ಓ ಪಾಪಾ ಎಂಬ ಬೇರೆ ಜಾಗವಿತ್ತು. ಅಂದರೆ ಅಂದೇ ಹಡಗಿನಿಂದ ಇಳಿದ ಗಂಡಸರು ಸಲೀಸಾಗಿ ಒಳಹೊಕ್ಕು ದೇವಿಯರನ್ನು ನೋಡಿದರು, ಅಳೆದರು, ಬರೆದುಕೊಂಡರು. ಅಲ್ಲೇ ಹುಟ್ಟಿ ಬೆಳೆದವಳಿಗೆ ಆ ದರ್ಶನವಿಲ್ಲ. ಇದನ್ನು ತಿಳಿದ ಮೇಲೆ ಆ ಚಿತ್ರವನ್ನು ಬಾಗಿಲ ಹೊರಗೆ ನಿಂತು ನೋಡುತ್ತಿರುವಂತೆ ನನಗೆ ಭಾಸವಾಗತೊಡಗಿತು.

ಈ ಗುಡಿಗಳನ್ನು ಮಿಷನರಿಗಳು ಕೆಡವಿಸಿದರೆಂದೇ ನಾನು ಬಹಳ ಕಾಲ ನಂಬಿದ್ದೆ. ತರಗತಿಯಲ್ಲಿ ಹೇಳಿಯೂ ಇದ್ದೆ. ತಪ್ಪು. ಮಿಷನರಿಗಳು ಬಂದದ್ದು 1820ರಲ್ಲಿ. ಅದರ ಹಿಂದಿನ ವರ್ಷವೇ, ಮೊದಲನೆಯ ಕಮೆಹಮೆಹಾ ತೀರಿಕೊಂಡ ಮೇಲೆ, ಅವನ ರಾಣಿ ಕಾಹುಮಾನು ಮತ್ತು ಹೊಸ ಅರಸನ ತಾಯಿ ಕಿಯೋಪುವೊಲಾನಿ ಹಳೆಯ 'ಕಪು' ಕಟ್ಟಳೆಯನ್ನು ಮುರಿಯಲು ನಿಂತರು. ಗಂಡಸರೂ ಹೆಂಗಸರೂ ಒಟ್ಟಿಗೆ ಉಣ್ಣಬಾರದು, ಹೆಂಗಸರು ಹಂದಿಮಾಂಸ, ತೆಂಗಿನಕಾಯಿ, ಹೆಚ್ಚಿನ ಬಗೆಯ ಬಾಳೆಹಣ್ಣು ಮುಟ್ಟಬಾರದು ಎಂಬ ಕಟ್ಟಳೆ ಅದು, ತಪ್ಪಿದರೆ ಸಾವು. 1819ರ ನವೆಂಬರಿನ ಔತಣದಲ್ಲಿ ಅರಸ ಲಿಹೊಲಿಹೊ ಎದ್ದುಹೋಗಿ ಹೆಂಗಸರ ಪಂಕ್ತಿಯಲ್ಲಿ ಕೂತು ಉಂಡ. ಆಮೇಲೆ ಹೆಯಾವ್‌ಗಳನ್ನು ಕೆಡವಿ ಮೂರ್ತಿಗಳನ್ನು ಸುಡಲು ಆಜ್ಞೆಯಾಯಿತು.

ನಮ್ಮ ಅಜ್ಜಿ ಗಂಡಸರ ಎಲೆ ಎತ್ತಿದ ಮೇಲೆ ಉಣ್ಣುತ್ತಿದ್ದವಳು. ಆ ಔತಣದ ಕಥೆ ಓದಿ ನಾನು ಹಿಗ್ಗದಿದ್ದರೆ ಸುಳ್ಳಾದೀತು. ಆದರೆ ಸುಟ್ಟವುಗಳಲ್ಲಿ ಇಂಥ ದೇವಿಯರೂ ಇದ್ದರಲ್ಲ! ಹಳೆಯ ದೇವರಿಗಾಗಿ ಕತ್ತಿ ಹಿಡಿದ ಕೆಕುವಾಓಕಲಾನಿಯ ಜೊತೆಗೆ ಅವನ ಹೆಂಡತಿ ಮನೋನೋ ಕೂಡ ಡಿಸೆಂಬರಿನಲ್ಲಿ ಕುವಾಮೋಓದ ರಣದಲ್ಲಿ ಸತ್ತಳು. ತನ್ನನ್ನು ಒಳಗೆ ಬಿಡದ ಗುಡಿಗಾಗಿ ಅವಳು ಯಾಕೆ ಸತ್ತಳೆಂದು ಯೋಚಿಸುತ್ತ ಎಷ್ಟೋ ರಾತ್ರಿ ಮಲಗಿದ್ದೇನೆ. ಉತ್ತರ ಹೊಳೆದಿಲ್ಲ.

ಹೀಗೆ ಮರದ ಭಾಗವೆಲ್ಲ ಹೋಗಿ, ಹಲವು ಕಡೆ ಕಲ್ಲಿನ ಜಗಲಿ ಮಾತ್ರ ಉಳಿಯಿತು. ಕಮೆಹಮೆಹಾ 1791ರಲ್ಲಿ ಮುಗಿಸಿದ ಪುಉಕೊಹೊಲಾ ಇಂದು ರಾಷ್ಟ್ರೀಯ ಸ್ಮಾರಕ. ಅಲ್ಲೂ ಉಳಿದಿರುವುದು ಕಲ್ಲೇ. ಕೈಲುವಾದ ಅಹುಎನಾ ಹೆಯಾವ್ ಅನ್ನು ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಕಟ್ಟುವಾಗ, 1816ರಲ್ಲಿ ರಷ್ಯದ ಹಡಗಿನಲ್ಲಿ ಬಂದಿದ್ದ ಲೂಯಿ ಕೋರಿಸ್ ಎಂಬವನ ಚಿತ್ರ ನೆರವಾಯಿತು. ಪರದೇಶಿ ಬರೆದದ್ದನ್ನು ನೋಡಿಕೊಂಡು ತಮ್ಮ ದೇವರ ಮನೆ ಕಟ್ಟಿಕೊಳ್ಳಬೇಕಾದ ಸ್ಥಿತಿ. ಆದರೂ ಆ ಚಿತ್ರ ಇರದಿದ್ದರೆ? ವೆಬರ್‌ನ ಮೇಲಿನ ನನ್ನ ಮುನಿಸು ಇಲ್ಲಿ ಸ್ವಲ್ಪ ಇಳಿಯುತ್ತದೆ.

ಮರುದಿನ ಒಳಮನೆಯ ಚಿತ್ರವನ್ನೂ ಪಕ್ಕಕ್ಕೆ ಅಂಟಿಸಿ ಈ ಕಥೆಯನ್ನೆಲ್ಲ ಹೇಳಿದೆ. ಹಿಂದಿನ ಬೆಂಚಿನವಳು ಎದ್ದುಬಂದು ಆ ಇಬ್ಬರು ದೇವಿಯರನ್ನು ಹತ್ತಿರದಿಂದ ನೋಡಿದಳು. ಗುಡಿಯೊಳಗೆ ಬಿಡುತ್ತಿರಲಿಲ್ಲ ಎಂಬುದು ಅವಳಿಗೆ ಅಷ್ಟೇನೂ ಹೊಸತೆನಿಸಲಿಲ್ಲ. "ಬಾಳೆಹಣ್ಣೂ ತಿನ್ನಬಾರದಾ ಮಿಸ್?" ಎಂದು ಕೇಳಿದಳು. ಇಡೀ ತರಗತಿ ಅದನ್ನೇ ಹಿಡಿದು ಗಲಾಟೆ ಎಬ್ಬಿಸಿತು. ಗಂಟೆ ಹೊಡೆಯಿತು. ಕುಕ್‌ನ ಮುಂದಿನ ಪ್ರಯಾಣ ನಾಳೆಗೆ ಉಳಿಯಿತು.